ಅಪ್‌ಡೇಟ್: ಲ್ಯಾಪ್‌ಟಾಪ್‌ನಲ್ಲಿ ಗೇಮ್ ತಡವರಿಸುತ್ತಿದ್ದದ್ದು

ಕಡಿಮೆ ಬೆಲೆಯ ಲ್ಯಾಪ್‌ಟಾಪ್‌ನಲ್ಲಿ ಕಾರ್ ರೇಸ್ ಗೇಮ್ ಯಾಕೆ ನಿಂತು ನಿಂತು ಓಡುತ್ತದೆ ಅಂತ ಕೇಳಿದ್ದೆನಲ್ಲ, ಅದರ ಮುಂದಿನ ಕಥೆ ಇದು.

ನಿಮ್ಮಲ್ಲೊಬ್ಬರು ಹೇಳಿದಂತೆ ಟಾಸ್ಕ್ ಮ್ಯಾನೇಜರ್ (ಕಂಪ್ಯೂಟರ್‌ನ ಯಾವ ಭಾಗ ಎಷ್ಟು ಬಳಕೆಯಲ್ಲಿದೆ ಅಂತ ತೋರಿಸುವ ವಿಂಡೋಸ್ ಪ್ರೋಗ್ರಾಂ) ತೆಗೆದು ನೋಡಿದೆ. ರ‍್ಯಾಮ್ (ಓಡುತ್ತಿರುವ ಕೆಲಸದ ಡೇಟಾ ಇಟ್ಟುಕೊಳ್ಳುವ ಮೆಮೊರಿ) ಕೂರಿಸುವ ಎರಡು ಸ್ಲಾಟ್‌ನಲ್ಲಿ ಒಂದೇ ಬಳಕೆಯಲ್ಲಿದೆ ಅಂತಿತ್ತು. 8 ಜಿಬಿಯ ಒಂದೇ ರ‍್ಯಾಮ್. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲ. ಪ್ರೊಸೆಸರ್ ಒಳಗಿನ ಗ್ರಾಫಿಕ್ಸ್‌ಗೆ ಸ್ವಂತ ಮೆಮೊರಿ ಇಲ್ಲದ್ದರಿಂದ ಅದೂ ಇದೇ ರ‍್ಯಾಮ್‌ನಲ್ಲಿ ಪಾಲು ಕೇಳುತ್ತದೆ. ಡಿಡಿಆರ್4-3200 ಅನ್ನೋ ಬಗೆಯ ರ‍್ಯಾಮ್ ಒಂದೇ ಇದ್ದರೆ ಸೆಕೆಂಡಿಗೆ ಹೆಚ್ಚೆಂದರೆ 25.6 ಜಿಬಿ ಡೇಟಾ ಸಾಗುತ್ತದೆ. ಜೋಡಿಯಾಗಿದ್ದರೆ 51.2.

ಇನ್ನೊಂದು 8 ಜಿಬಿ ಹಾಕಿಸಿದೆ. ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ತಿರುವಿನಲ್ಲಿ ಕಾರು ಇದ್ದಕ್ಕಿದ್ದಂತೆ ಗಕ್ಕನೆ ನಿಂತು, ಆಮೇಲೆ ಗೋಡೆಯ ಹತ್ತಿರ ಕಾಣಿಸುತ್ತಿದ್ದದ್ದು ತಪ್ಪಿತು. ರೆಸಲ್ಯೂಷನ್ (ಚಿತ್ರದಲ್ಲಿ ಎಷ್ಟು ಪಿಕ್ಸೆಲ್, ಅಂದರೆ ಚುಕ್ಕಿ, ಅನ್ನೋದು) 1080ರಿಂದ 720ಕ್ಕೆ ಇಳಿಸಿದ್ದೂ ಸೇರಿದೆ ಅನ್ನಿ. ಪಿಕ್ಸೆಲ್ ಲೆಕ್ಕ ಅರ್ಧಕ್ಕಿಂತ ಕಡಿಮೆಯಾಗುತ್ತದೆ, ಸುಮ್ನೆ ಅಲ್ಲ.

ಬಿಸಿ ಮಾತ್ರ ಹಾಗೇ ಇದೆ. ಸ್ವಲ್ಪ ಹೊತ್ತು ಆಡಿದರೆ ಕೀಬೋರ್ಡ್ ಮೇಲ್ಭಾಗ ಬೆರಳಿಗೆ ಚುರ್ ಅನ್ನುತ್ತದೆ, ಚಿಪ್ ತನ್ನ ವೇಗ ತಾನೇ ತಗ್ಗಿಸಿಕೊಳ್ಳುತ್ತದೆ. ತೆಳು ಬಾಡಿ, ಒಂದೇ ಪುಟ್ಟ ಫ್ಯಾನ್. ಇನ್ನೇನಾಗುತ್ತದೆ? ಕೂಲಿಂಗ್ ಪ್ಯಾಡ್ (ಲ್ಯಾಪ್‌ಟಾಪ್ ಕೆಳಗಿಡುವ ಫ್ಯಾನ್ ಹಲಗೆ) ಬಳಸಿದವರು ಹೇಳಿ. ಹೊಸ ಲ್ಯಾಪ್‌ಟಾಪ್ ತಗೋ ಅನ್ನಬೇಡಿ ಮಾರಾಯ್ರೇ, ಇದರ ಇಎಂಐ ಇನ್ನೂ ಮುಗಿದಿಲ್ಲ.