ಸಹಾಯ ಬೇಕು: ಮಾಲೀಕರು ಸಿಗದ ಪ್ರಾಜೆಕ್ಟನ್ನು ಬೇರೆಯವರಿಗೆ ಕೊಡಬಹುದಾ?

ನಮಸ್ಕಾರ. ಬದಿಯಡ್ಕದಲ್ಲಿ ನಾವು ಕೆಲವು ಗೆಳೆಯರು ಸೇರಿ ಒಂದು ಸಣ್ಣ ಫೋರ್ಜೆಯೊ (ಪ್ರಾಜೆಕ್ಟುಗಳ ಕೋಡ್ ಇಟ್ಟು ಹಂಚುವ ಸಾಫ್ಟ್‌ವೇರ್) ಸರ್ವರ್ ನಡೆಸುತ್ತಿದ್ದೇವೆ. ಕನ್ನಡದ ಓಪನ್ ಸೋರ್ಸ್ ಪ್ರಾಜೆಕ್ಟ್‌ಗಳಿಗೆ ಅಂತಲೇ ಮಾಡಿದ್ದು.

ಅದರಲ್ಲಿ ಒಂದು ಕೀಬೋರ್ಡ್ ಟೂಲ್ ಇದೆ. ಇಲ್ಲಿನ ಕನ್ನಡ ಮಾಧ್ಯಮ ಶಾಲೆಯ ಮಾಷ್ಟ್ರುಗಳು ಪ್ರಶ್ನೆಪತ್ರಿಕೆ ಟೈಪ್ ಮಾಡುವುದು ಅದರಲ್ಲೇ. ಹೊಸ ಉಬುಂಟುವಿನಲ್ಲಿ ಅದು ಕೈಕೊಡುತ್ತಿದೆ. 'ರ‍್ಯಾಂಕ್' ಅಂತ ಹೊಡೆದರೆ ಜೀರೋ ವಿಡ್ತ್ ಜಾಯ್ನರ್ (ಅಕ್ಷರ ಕೂಡುವ ರೀತಿ ಬದಲಿಸುವ, ಕಣ್ಣಿಗೆ ಕಾಣದ ಚಿಹ್ನೆ) ಬೀಳುವುದಿಲ್ಲ, ಅರ್ಕಾವತ್ತು ಬಂದು 'ರ್ಯಾಂಕ್' ಆಗುತ್ತದೆ. ಬರೆದವರು ಪತ್ತೆಯೇ ಇಲ್ಲ. ಮೇಲ್ ಹಾಕಿದೆವು, ಇಶ್ಯೂ ತೆರೆದೆವು, ಹಳೇ ಫೋನ್ ನಂಬರಿಗೂ ಮಾಡಿ ನೋಡಿದೆವು.

ಈಗ ಒಬ್ಬರು ಚೆಂದದ ಪ್ಯಾಚ್ (ಕೋಡಿನ ತಿದ್ದುಪಡಿ) ಕಳಿಸಿ, ಪ್ರಾಜೆಕ್ಟನ್ನೇ ತಮಗೆ ಕೊಡಿ ಅನ್ನುತ್ತಿದ್ದಾರೆ. ಲೈಸೆನ್ಸ್ ಜಿಪಿಎಲ್ (ಕೋಡನ್ನು ಯಾರು ಬೇಕಾದರೂ ಬದಲಿಸಿ ಹಂಚಲು ಬಿಡುವ ಪರವಾನಗಿ), ಹಾಗಾಗಿ ಫೋರ್ಕ್ ಮಾಡಲು (ಪ್ರತಿ ತೆಗೆದು ಬೇರೆಯಾಗಿ ಮುಂದುವರಿಸಲು) ಯಾರ ಅಪ್ಪಣೆಯೂ ಬೇಡ. ನನ್ನ ತಲೆಬಿಸಿ ಹಳೇ ಹೆಸರು ಮತ್ತು ಡೌನ್‌ಲೋಡ್ ಪುಟದ್ದು. 2015ರಲ್ಲಿ ಸೋರ್ಸ್‌ಫೋರ್ಜ್ ಎಂಬ ಡೌನ್‌ಲೋಡ್ ತಾಣ, ಚಿತ್ರ ತಿದ್ದುವ ಸಾಫ್ಟ್‌ವೇರ್ ಗಿಂಪ್‌ನ ವಿಂಡೋಸ್ ಪುಟವನ್ನು ತಾನೇ ವಹಿಸಿಕೊಂಡು, ಇನ್‌ಸ್ಟಾಲರ್ ಜೊತೆ ಜಾಹೀರಾತು ಸಾಫ್ಟ್‌ವೇರ್ ಕಟ್ಟಿ ಚೆನ್ನಾಗಿ ಬೈಸಿಕೊಂಡಿತ್ತು. 2024ರ ಎಕ್ಸ್‌ಜಡ್ (ಲಿನಕ್ಸ್‌ನಲ್ಲಿ ಬಳಸುವ ಫೈಲ್ ಕುಗ್ಗಿಸುವ ಟೂಲ್) ಪ್ರಕರಣದಲ್ಲಂತೂ ಕೋಡಿನಲ್ಲಿ ಗುಟ್ಟಾಗಿ ಹಿಂಬಾಗಿಲು ಇಟ್ಟವರು ಮೊದಲು ಒಳ್ಳೊಳ್ಳೆ ಪ್ಯಾಚ್ ಕಳಿಸಿಯೇ ನಂಬಿಕೆ ಗಳಿಸಿದ್ದು. ಇವರೂ ಹಾಗೇ ಅಂತಲ್ಲ, ಆದರೆ ಸುಮ್ನೆ ಕೀಲಿಕೈ ಕೊಡಲು ಮನಸ್ಸಾಗುತ್ತಿಲ್ಲ. ಹಾಗಂತ ಕೆಟ್ಟ ಆವೃತ್ತಿಯನ್ನೇ ಹಂಚುತ್ತಾ ಕೂರುವುದೂ ಸರಿಯಲ್ಲ ಅಲ್ವಾ?

ಸರ್ವರ್ ನಡೆಸಿ ಗೊತ್ತಿರುವವರು ಹೇಳಿ: ಹಳೆಯದನ್ನು ಓದಲು ಮಾತ್ರ ಎಂದು ಆರ್ಕೈವ್ ಮಾಡಿ, ಬೇರೆ ಹೆಸರಿನ ಫೋರ್ಕಿಗೆ ಅಲ್ಲಿಂದ ಲಿಂಕ್ ಕೊಟ್ಟರೆ ಸಾಕಾ? ಅಥವಾ ಬಹಿರಂಗ ನೋಟಿಸ್ ಹಾಕಿ ಕಾದು, ಅದೇ ಹೆಸರನ್ನು ಹಸ್ತಾಂತರಿಸಬಹುದಾ? ಹಾಗಾದರೆ ಎಷ್ಟು ದಿನ ಕಾಯಬೇಕು?