ಲೂಥರ್ ತೀರಿಕೊಂಡ ಮೇಲೆ ಲೂಥರನ್ ಸಭೆಗಳನ್ನು ಉಳಿಸಿದವರು ಯಾರು?

ಗಂಗಾವತಿಯ ಉಪನ್ಯಾಸಕಿ:
ಪದವಿ ತರಗತಿಗೆ ಯುರೋಪಿನ ಮತ ಸುಧಾರಣೆಯ ಪಾಠ ಮಾಡುತ್ತಿದ್ದೇನೆ. ಮಾರ್ಟಿನ್ ಲೂಥರ್ 1517ರಲ್ಲಿ ಪಾಪವಿಮೋಚನಾ ಪತ್ರಗಳ ಮಾರಾಟವನ್ನು ಪ್ರಶ್ನಿಸಿದ್ದರಿಂದ ಹಿಡಿದು 1546ರಲ್ಲಿ ತೀರಿಕೊಳ್ಳುವವರೆಗಿನ ಕಥೆ ಪಠ್ಯದಲ್ಲಿದೆ. ಆದರೆ ಅವನಿಲ್ಲದ ಮೇಲೂ ಅವನ ಅನುಯಾಯಿಗಳ ಸಭೆಗಳು, ಅಂದರೆ ಲೂಥರನ್ ಚರ್ಚುಗಳು, ಚದುರಿಹೋಗದೆ ಉಳಿದದ್ದು ಯಾರಿಂದ ಎಂಬುದಕ್ಕೆ ಅಲ್ಲಿ ಉತ್ತರವಿಲ್ಲ. ತಿಳಿದವರು ದಯವಿಟ್ಟು ವಿವರಿಸಬೇಕು.

ರಾಯಚೂರಿನ ಓದುಗ:
ಮೇಡಂ, ಮೊದಲು ಹೇಳಬೇಕಾದ ಹೆಸರು ಫಿಲಿಪ್ ಮೆಲಾಂಕ್‌ಥನ್. 1518ರಲ್ಲಿ, ಇಪ್ಪತ್ತೊಂದನೆಯ ವಯಸ್ಸಿಗೇ, ವಿಟ್ಟೆನ್‌ಬರ್ಗ್ ವಿಶ್ವವಿದ್ಯಾಲಯಕ್ಕೆ ಗ್ರೀಕ್ ಪ್ರಾಧ್ಯಾಪಕನಾಗಿ ಬಂದ ಈತ, ಮೂರೇ ವರ್ಷಗಳಲ್ಲಿ ಲೂಥರನ ವಿಚಾರಗಳಿಗೆ ಶಾಸ್ತ್ರಗ್ರಂಥದ ರೂಪ ಕೊಟ್ಟ. 1530ರಲ್ಲಿ ಚಕ್ರವರ್ತಿ ಐದನೆಯ ಚಾರ್ಲ್ಸ್ ಆಗ್ಸ್‌ಬರ್ಗ್‌ನಲ್ಲಿ ರಾಜಸಭೆ ಕರೆದಾಗ, ಸಾಮ್ರಾಜ್ಯದಿಂದ ಬಹಿಷ್ಕೃತನಾಗಿದ್ದ ಲೂಥರ್ ಅಲ್ಲಿಗೆ ಹೋಗುವಂತಿರಲಿಲ್ಲವಾದ್ದರಿಂದ ಕೋಬುರ್ಗ್ ಕೋಟೆಯಲ್ಲೇ ಕುಳಿತು ಪತ್ರ ಬರೆಯುತ್ತಿದ್ದ; ಲೂಥರನ್ ಸಭೆಗಳು ಇಂದಿಗೂ ಆಧಾರವೆಂದು ಒಪ್ಪುವ, 28 ವಿಧಿಗಳ ಆಗ್ಸ್‌ಬರ್ಗ್ ವಿಶ್ವಾಸಪತ್ರವನ್ನು ಸಿದ್ಧಪಡಿಸಿದವನು ಮೆಲಾಂಕ್‌ಥನ್. ಕರಡನ್ನು ಓದಿದ ಲೂಥರ್, ಇಷ್ಟು ಮೆಲ್ಲಗೆ ಹೆಜ್ಜೆಯಿಡುವುದು ತನ್ನಿಂದಾಗದು ಎಂದು ಬರೆದ. ಅದು ಹೊಗಳಿಕೆಯೋ ಕುಟುಕೋ, ನೀವೇ ತೀರ್ಮಾನಿಸಿ.

ಸಿರುಗುಪ್ಪದ ಓದುಗ:
ಇದನ್ನು ಒಪ್ಪುತ್ತೇನೆ, ಆದರೆ ಪ್ರಶ್ನೆ ಇರುವುದು 1546ರ ಅನಂತರದ ಕಾಲದ್ದು. ಮರುವರ್ಷವೇ ಮ್ಯೂಲ್‌ಬರ್ಗ್ ಯುದ್ಧದಲ್ಲಿ ಪ್ರಾಟೆಸ್ಟೆಂಟ್ ಅರಸರು ಸೋತರು. 1548ರಲ್ಲಿ ಚಕ್ರವರ್ತಿ ಹಳೆಯ ಕ್ಯಾಥೊಲಿಕ್ ಆಚರಣೆಗಳನ್ನು ಮತ್ತೆ ಹೇರಿದಾಗ, ವಿಶ್ವಾಸದ ತಿರುಳಿಗೆ ಧಕ್ಕೆಯಾಗದ ಕಡೆ ಮಣಿಯಬಹುದು ಎಂಬ ನಿಲುವನ್ನು ಮೆಲಾಂಕ್‌ಥನ್ ತಾಳಿದ. ವಿಟ್ಟೆನ್‌ಬರ್ಗ್‌ನಲ್ಲೇ ಹೀಬ್ರೂ ಕಲಿಸುತ್ತಿದ್ದ ಮಥಿಯಾಸ್ ಫ್ಲಾಸಿಯಸ್, ಹಿಂಸೆಯ ಹೊತ್ತಿನಲ್ಲಿ ಸಣ್ಣ ವಿಷಯವೆಂಬುದೇ ಇಲ್ಲ ಎಂದು ಅವನನ್ನು ವಿರೋಧಿಸಿದ. ನನ್ನ ಮಟ್ಟಿಗೆ ಫ್ಲಾಸಿಯಸ್‌ನ ವಾದದಲ್ಲಿ ಹುರುಳಿದೆ, ಅವನ ನಾಲಿಗೆ ಮಾತ್ರ ಬಹಳ ಹರಿತ. ಈ ಒಳಜಗಳವನ್ನು ಹತೋಟಿಗೆ ತಂದ 1577ರ ಒಡಂಬಡಿಕೆಯ ಹಿಂದೆ ಮುಖ್ಯವಾಗಿ ದುಡಿದವರು ಯಾಕೋಬ್ ಆಂಡ್ರಿಯೇ ಮತ್ತು ಬ್ರೌನ್‌ಶ್ವೈಗ್‌ನ ಮಾರ್ಟಿನ್ ಕೆಮ್ನಿಟ್ಸ್. ಈ ಎರಡನೆಯ ಮಾರ್ಟಿನ್ ಬಾರದಿದ್ದರೆ ಮೊದಲನೆಯವನು ನಿಲ್ಲುತ್ತಿರಲಿಲ್ಲ ಎಂಬ ಹಳೆಯ ಮಾತೇ ಇದೆ. ಹ್ಯಾಂಬರ್ಗ್, ಲೂಬೆಕ್ ಮುಂತಾದ ನಗರಗಳ ಸಭೆಗಳಿಗೂ ಶಾಲೆಗಳಿಗೂ ಕಟ್ಟಳೆ ಬರೆದುಕೊಟ್ಟ ಯೋಹಾನೆಸ್ ಬುಗೆನ್‌ಹಾಗೆನ್‌ನನ್ನೂ ಸೇರಿಸಿಕೊಳ್ಳಿ.

ಗಂಗಾವತಿಯ ಉಪನ್ಯಾಸಕಿ:
ಇಬ್ಬರಿಗೂ ಧನ್ಯವಾದಗಳು. ಬಳ್ಳಾರಿಯ ಹಳೆಯ ಮಿಶನ್ ಕೂಡ ಇದೇ ಪರಂಪರೆಗೆ ಸೇರಿದ್ದೇ?

ಬಳ್ಳಾರಿಯ ಓದುಗ:
ಅಲ್ಲ. 1810ರಲ್ಲಿ ಬಳ್ಳಾರಿಗೆ ಬಂದು ಬೈಬಲ್‌ನ ಕನ್ನಡ ಅನುವಾದಕ್ಕೆ ಕೈಹಾಕಿದ ಜಾನ್ ಹ್ಯಾಂಡ್ಸ್ ಲಂಡನ್ ಮಿಶನ್ನಿಗೆ ಸೇರಿದವನು. ಅದು ಲೂಥರನ್ ಸಂಸ್ಥೆಯಲ್ಲ. ದಕ್ಷಿಣ ಭಾರತದ ಲೂಥರನ್ ಮಿಶನ್ನಿನ ಮೂಲ ಬೇಕಿದ್ದರೆ, 1706ರಲ್ಲಿ ತಮಿಳು ಕರಾವಳಿಯ ತರಂಗಂಬಾಡಿಯಲ್ಲಿ ಬಂದಿಳಿದ ಬಾರ್ತೊಲೋಮೇಯಸ್ ಜೀಗೆನ್‌ಬಾಲ್ಗ್‌ನಿಂದ ಆರಂಭಿಸಬೇಕು.