ಪದಚರ್ಚೆ: ರ‍್ಯಾಬ್ಡೊಮಯೊಲಿಸಿಸ್‌ಗೆ ಏನನ್ನೋಣ? (ಅರ್ಜೆಂಟು)

ಎಲ್ಲರಿಗೂ ನಮಸ್ಕಾರ. ಹೊಸನಗರದ ಕಡೆಯ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಪೋಸ್ಟರ್ ಬರೆಯುತ್ತಿದ್ದೇನೆ. ನಾಳೆ ಸಂಜೆಯೊಳಗೆ ಶಿವಮೊಗ್ಗದ ಪ್ರೆಸ್ಸಿಗೆ ಕೊಡಬೇಕು. ನನಗೆ ಬಂದ ಕರಡಿನಲ್ಲಿ 'ಸ್ನಾಯುವಿಘಟನೆ' ಎಂದಿದೆ. ಆಶಾ ಕಾರ್ಯಕರ್ತೆಯರಿಗೆ ಓದಿ ಹೇಳಿದೆ, ಯಾವುದೋ ಸಂಘಟನೆ ಒಡೆದ ಸುದ್ದಿ ಅಂದುಕೊಂಡರು.

ವಿಷಯ ಇಷ್ಟು. ಮರದಡಿ ಸಿಕ್ಕಿ ಮೈ ಜಜ್ಜಿದಾಗ, ಕಣಜ ಮುತ್ತಿ ಮೈತುಂಬ ಕುಟುಕಿದಾಗ, ಬಿಸಿಲಲ್ಲಿ ಮಿತಿಮೀರಿ ದುಡಿದಾಗ, ಅಪರೂಪಕ್ಕೆ ಕೊಲೆಸ್ಟ್ರಾಲಿನ ಸ್ಟ್ಯಾಟಿನ್ ಮಾತ್ರೆಯಿಂದಲೂ ಸ್ನಾಯುವಿನ ಜೀವಕೋಶಗಳು ಒಡೆಯುತ್ತವೆ. ಒಳಗಿನ ಮಯೊಗ್ಲೋಬಿನ್ ಎಂಬ ಪ್ರೋಟೀನು ರಕ್ತಕ್ಕೆ ಸೇರಿ ಮೂತ್ರಪಿಂಡದ ಸಣ್ಣ ನಳಿಕೆಗಳನ್ನು ಕೆಡಿಸುತ್ತದೆ. ಮೂತ್ರ ಅಡಿಕೆ ಚೊಗರಿನ, ಅಂದರೆ ಅಡಿಕೆ ಬೇಯಿಸಿದ ನೀರಿನ, ಬಣ್ಣಕ್ಕೆ ತಿರುಗಬಹುದು. (ಕರಡಿನಲ್ಲಿ ಕೋಲಾ ಅಂತಿತ್ತು. ಚೊಗರು ನಾನು ಹಾಕಿದ್ದು.) ಹೀಗೆ ಮೂತ್ರಪಿಂಡ ಇದ್ದಕ್ಕಿದ್ದಂತೆ ಕೆಡುವ 'ಅಕ್ಯೂಟ್ ಕಿಡ್ನಿ ಇಂಜುರಿ'ಗೂ ಒಂದು ಪದ ಬೇಕು.

ತೀರ್ಥಹಳ್ಳಿಯಿಂದ:
'ಸ್ನಾಯು' ಎಂಬುದೇ ತಪ್ಪು. ಆಯುರ್ವೇದದ ಸುಶ್ರುತನ ಲೆಕ್ಕದಲ್ಲಿ ಸ್ನಾಯು 900, ಪೇಶಿ 500. ಸ್ನಾಯು ಎಂದರೆ ಬಿಗಿದು ಕಟ್ಟುವ ನಾರು. ನಿಮಗೆ ಬೇಕಾದದ್ದು ಮಾಂಸದ ಪೇಶಿ. 'ಪೇಶೀವಿಲಯನ' ಎಂದು ಬರೆಯಿರಿ. ಇದರಲ್ಲಿ ಚರ್ಚೆಗೇನೂ ಇಲ್ಲ.

ಸಾಗರದಿಂದ:
ಮೇಷ್ಟ್ರೇ, ಸಂಸ್ಕೃತದ ಒಂದು ಪದ ತೆಗೆದು ಇನ್ನೊಂದು ಇಟ್ಟರೆ ಕನ್ನಡ ಆಯ್ತಾ? ಕಾಲು ಹಿಡಿದುಕೊಂಡರೆ ನಮ್ಮಲ್ಲಿ ಮೀನಖಂಡ ಹಿಡ್ಕೊಂಡಿದೆ ಅಂತಾರೆ. ಮೀನಪೇಶಿ ಅಂದವರನ್ನು ನಾನು ಕಂಡಿಲ್ಲ. ಗ್ರೀಕಿನಲ್ಲೂ ರ‍್ಯಾಬ್ಡೊ ಅಂದರೆ ಕೋಲು, ಮಯೊ ಮಾಂಸಖಂಡ, ಲಿಸಿಸ್ ಬಿಚ್ಚಿಹೋಗೋದು. 'ಕಂಡಕರಗು' ಇರಲಿ.

ತೀರ್ಥಹಳ್ಳಿಯಿಂದ:
ಖಂಡವೂ ಸಂಸ್ಕೃತವೇ.

ಸಾಗರದಿಂದ:
ಅದಕ್ಕೇ 'ಕಂಡ' ಎಂದೆ. ತದ್ಭವ ನಮ್ಮದು.

ಶಿವಮೊಗ್ಗದಿಂದ:
ಲ್ಯಾಬಿನಲ್ಲಿ ಕೆಲಸ ಮಾಡುವವಳು ನಾನು. 'ಕರಗು' ಬೇಡವೇ ಬೇಡ. ಕರಗೋದು ಬೊಜ್ಜು, ಜನ ಖುಷಿಪಡುತ್ತಾರೆ. 'ಸವೆತ'ವೂ ಆಗಲ್ಲ, ಅದು ನಿಧಾನದ ಕೆಲಸ. ಇದು ಗಂಟೆ, ದಿನಗಳಲ್ಲಿ ಆಗುವಂಥದ್ದು. 'ಸ್ನಾಯು ಒಡೆತ' ಸಾಕು. ಪಕ್ಕದಲ್ಲಿ ರ‍್ಯಾಬ್ಡೊಮಯೊಲಿಸಿಸ್ ಅಂತಲೂ ಹಾಕಿ, ದೊಡ್ಡಾಸ್ಪತ್ರೆಯ ಚೀಟಿಯಲ್ಲಿ ಅದೇ ಇರುತ್ತದೆ. ಇಂಜುರಿಯನ್ನು 'ಪೆಟ್ಟು' ಮಾಡಬೇಡಿ, ಯಾರೋ ಸೊಂಟಕ್ಕೆ ಹೊಡೆದರು ಅನ್ನಿಸುತ್ತದೆ. 'ಕಿಡ್ನಿಗೆ ದಿಢೀರ್ ಹಾನಿ' ಅನ್ನಿ.

ಕರಡಿನಲ್ಲಿ 'ಮೂತ್ರದಲ್ಲಿ ರಕ್ತ' ಅಂತಿದ್ದರೆ ಅದನ್ನೂ ತೆಗೆಯಿರಿ. ಮೂತ್ರಕ್ಕೆ ಪರೀಕ್ಷೆಯ ಪಟ್ಟಿ ಅದ್ದಿದರೆ ರಕ್ತ ಇದೆ ಅಂತಲೇ ತೋರಿಸುತ್ತದೆ. ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಕೆಂಪು ಕಣ ಇರಲ್ಲ, ಇದ್ದರೂ ಒಂದೆರಡು. ಆ ಪಟ್ಟಿಗೆ ಹಿಮೊಗ್ಲೋಬಿನ್ನೂ ಒಂದೇ, ಮಯೊಗ್ಲೋಬಿನ್ನೂ ಒಂದೇ. ಆಗ ರಕ್ತದಲ್ಲಿ ಸಿಕೆ (ಕ್ರಿಯಾಟಿನ್ ಕೈನೇಸ್, ಸ್ನಾಯುವಿನೊಳಗಿನ ಕಿಣ್ವ) ನೋಡಬೇಕು. ಸಾಮಾನ್ಯ ಮಿತಿಯ 5 ಪಟ್ಟು ದಾಟಿದ್ದರೆ ಅನುಮಾನ ಗಟ್ಟಿ.

ತೀರ್ಥಹಳ್ಳಿಯಿಂದ:
'ಕಿಡ್ನಿ'ಯಂತೆ! ಮೂತ್ರಪಿಂಡ ಶಾಲೆಯ ಪುಸ್ತಕದಲ್ಲೇ ಇದೆಯಲ್ಲ. ಬಿಪಿ, ಶುಗರ್ ಹೋದ ದಾರಿಯಲ್ಲಿ ಇದೂ ಹೋಯಿತು.

ಸಾಗರದಿಂದ:
ಪಿಂಡ ಅಂದರೆ ನಮ್ಮಜ್ಜಿ ಕಾಗೆ ಎಲ್ಲಿ ಅಂತ ಹುಡುಕುತ್ತಾರೆ. ಅಡಿಕೆ ಕೊನೆ ಕೊಯ್ಯುವವರೂ ಕಿಡ್ನಿ ಸ್ಟೋನ್ ಅಂತಲೇ ಹೇಳೋದು. ಬಳಕೆಯಲ್ಲಿ ನಿಂತದ್ದು ಕನ್ನಡವೇ.

ತೀರ್ಥಹಳ್ಳಿಯಿಂದ:
ಹಾಗಾದರೆ ನಿಮ್ಮ 'ಕಂಡ' ಯಾವ ಬಳಕೆಯಲ್ಲಿ ನಿಂತಿದೆ?

ಹೊಸನಗರದಿಂದ:
ನೀವಿಬ್ಬರೂ ಮುಂದುವರಿಸಿ. 'ಸ್ನಾಯು ಒಡೆತ', 'ಕಿಡ್ನಿಗೆ ದಿಢೀರ್ ಹಾನಿ' ಎರಡನ್ನೂ ತಗೊಂಡೆ. ಕೆಳಗೆ ದಪ್ಪ ಅಕ್ಷರದಲ್ಲಿ ಒಂದು ಸಾಲು: 'ಮೈಕೈ ನೋವು ಜೋರಾಗಿ ಮೂತ್ರ ಕಪ್ಪಾದರೆ ನೋವಿನ ಮಾತ್ರೆ ನುಂಗಿ ಮಲಗಬೇಡಿ, ಅವತ್ತೇ ಆಸ್ಪತ್ರೆಗೆ ಬನ್ನಿ.' ಮಾತ್ರೆಯ ಹೆಸರು ಹಾಕಲೇ?

ಶಿವಮೊಗ್ಗದಿಂದ:
ಹಾಕಿ. ಐಬುಪ್ರೊಫೇನ್, ಡೈಕ್ಲೋಫೆನಾಕ್. ಎರಡೂ ಕಿಡ್ನಿಗೆ ಇನ್ನಷ್ಟು ಕೆಡುಕು. ಅಂಗಡಿಯಲ್ಲಿ ಕೇಳುವ ಹೆಸರು ಬೇರೆ ಬೇರೆ, ಅದಕ್ಕೆ 'ಸ್ಟ್ರಿಪ್ ಹಿಂದೆ ಓದಿ ನೋಡಿ' ಅಂತಲೂ ಸೇರಿಸಿ.